ಮಕ್ಕಳ ಸಾಲಿನ ಕಲ್ಲುಗಳು

ಭದ್ರಾವತಿಯಲ್ಲಿ ಕಾರ್ಖಾನೆ ಕಟ್ಟಲು ಮೊದಮೊದಲು ಬಂದ ಜನ ಮಲಗಿರುವ ಹಳೇ ಖಬರಸ್ತಾನವನ್ನು ನೋಡಿಕೊಳ್ಳುವವನು ನಾನು, ಇನಾಯತುಲ್ಲಾ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಲ್ಲಿನ ಮಣ್ಣಿನ ಗೋರಿಗಳ ಮೇಲೆ ಹೆಸರು ಬರೆಸುವ ಪದ್ಧತಿಯಿಲ್ಲ. ತಲೆಯ ಕಡೆ ಭದ್ರಾ ಹೊಳೆಯ ಒಂದು ಕಲ್ಲು, ಅಷ್ಟೇ. ಯಾವ ಕಲ್ಲು ಯಾರದೆಂದು ನಾನೇ ಹೇಳಬೇಕು.

ಕಳೆದ ಚಳಿಗಾಲದಲ್ಲಿ ಕಾಲೇಜು ಹುಡುಗ ಹುಡುಗಿಯರು ಫೋನ್ ಹಿಡಿದು ಬಂದು ಗೋರಿಗಳ ನಡುವೆ ಬಗ್ಗಿ ಬಗ್ಗಿ ಹುಡುಕತೊಡಗಿದರು. ಶಿವಮೊಗ್ಗದ ನವುಲೆಯ ಕಾಲೇಜಿನಲ್ಲಿ ಓದುವ ತನುಜಾ ಎಂಬವಳನ್ನು ತಡೆದು ಕೇಳಿದೆ. ಜಿಯೋಕ್ಯಾಚಿಂಗ್ ಅಂತ ಒಂದು ಆಟವಂತೆ. ಒಬ್ಬರು ಡಬ್ಬಿ ಬಚ್ಚಿಡುವುದು, ಫೋನು ತೋರಿಸಿದ ಜಾಗಕ್ಕೆ ಹೋಗಿ ಉಳಿದವರು ಹುಡುಕುವುದು, ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಅಲ್ಲೇ ಇಟ್ಟು ಬರುವುದು. ಊರು ಕಟ್ಟಿದವರು ಯಾರೆಂದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಯಾರೋ ಇಲ್ಲಿಟ್ಟಿದ್ದಾರೆ, ಫೋನು ಮಕ್ಕಳ ಗೋರಿಗಳ ಸಾಲಿನ ಹತ್ತಿರವೇ ತೋರಿಸುತ್ತಿದೆ ಎಂದಳು. ಸತ್ತ ಕೂಸುಗಳ ತಲೆಯ ಮೇಲೆ ಇವರಿಗೆ ಆಟ! ಬಾಯಿಗೆ ಬಂದಂತೆ ಬೈದು ಓಡಿಸಿದೆ.

ಸಿಟ್ಟು ಇಳಿಯಲಿಲ್ಲ. ಡಬ್ಬಿ ಯಾವುದೋ ಕಲ್ಲಿನಡಿಯಲ್ಲೇ ಇರಬೇಕೆಂದು ಹಾರೆ ತಂದು, ಆ ಸಾಲಿನ ಕಲ್ಲುಗಳನ್ನು ಒಂದೊಂದಾಗಿ ಮೀಟಿ ಪಕ್ಕಕ್ಕೆ ಎಸೆಯುತ್ತಾ ಹೋದೆ. ಹತ್ತೊಂಬತ್ತು ಕಲ್ಲು. ಒಂದರಡಿಯಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬೇವಿನ ಮರದ ಪೊಟರೆಯಲ್ಲಿ. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿತ್ತು: ‘ದಯವಿಟ್ಟು ಇಲ್ಲಿನ ಒಂದು ಕಲ್ಲನ್ನೂ ಅಲುಗಿಸಬೇಡಿ.’

ತಿರುಗಿ ನೋಡಿದೆ. ಒಂದು ಕಡೆ ಕಲ್ಲಿನ ರಾಶಿ, ಇನ್ನೊಂದು ಕಡೆ ಸಾಲು ಗುಳಿಗಳು. ಪ್ರತಿ ಕಲ್ಲೂ ಯಾರ ಮನೆಯದೆಂದು ಹೇಳಬಲ್ಲೆ. ಎಷ್ಟನೆಯ ಗುಳಿಯದೆಂದು ಎಂದೂ ಎಣಿಸಿದವನಲ್ಲ. ಕಲ್ಲು ಇರುವಾಗ ಎಣಿಸುವ ಅಗತ್ಯವೇನಿತ್ತು? ಸಂಜೆಯವರೆಗೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೊನೆಗೆ ಹೇಗೋ ಜೋಡಿಸಿ ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ, ಪಾಪಿ ನಾನು.

ಮುಂದಿನ ತಿಂಗಳು ಮಲವಗೊಪ್ಪದಿಂದ ಹಾಜರಾಬಿ ಬಂದರು. ಮೂವತ್ತು ವರ್ಷದ ಹಿಂದೆ ಅವರ ನಾಲ್ಕು ತಿಂಗಳ ಮಗಳು ಫಲಕ್‌ಳನ್ನು ಆ ಸಾಲಿನಲ್ಲಿ ಮಣ್ಣು ಮಾಡಿದ್ದೆವು. ನಮ್ಮಲ್ಲಿ ಮನೆಯ ಹೆಂಗಸರು ಒಳಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ಅವರು ಗೇಟಿನ ಹೊರಗೆ ನಿಲ್ಲುತ್ತಿದ್ದರು, ಅವರು ತಂದ ಹೂವನ್ನು ನಾನು ಒಯ್ದು ಹಾಕುತ್ತಿದ್ದೆ. ಈ ಸಲ ಹೂವಿರಲಿಲ್ಲ. ಇಳಿದು ಅರ್ಧವಾಗಿದ್ದರು.

“ಭಾಯ್, ಶಿವಮೊಗ್ಗದ ಡಾಕ್ಟ್ರು ಇನ್ನು ಮನೇಲೇ ಇಟ್ಕೊಳ್ಳಿ ಅಂದ್ಬಿಟ್ರು,” ಎಂದರು. “ನನ್ನನ್ನ ಫಲಕ್ ಕಾಲ ಹತ್ರಾನೇ ಹಾಕ್ಸಿ. ಅವಳಪ್ಪನೂ ಈಗಿಲ್ಲ. ಜಾಗ ಗೊತ್ತಿರೋದು ನಿಮಗೊಬ್ರಿಗೇ.”

ಹೇಳಿಬಿಡಬೇಕಿತ್ತು.

“ಆಯ್ತು ಆಪಾ,” ಎಂದೆ.

ಇಪ್ಪತ್ತು ದಿನಕ್ಕೆ ಸುದ್ದಿ ಬಂತು. ಅವರ ಅಣ್ಣನ ಮಗ ಜಮ್ಶೀದ್ ನಾಲ್ಕು ಜನರನ್ನು ಕರೆದುಕೊಂಡು ಗುದ್ದಲಿ ಹಿಡಿದು ಬಂದ. ಎಲ್ಲಿ ಅಗೆಯಬೇಕೆಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಸಾಲಿನುದ್ದಕ್ಕೂ ನಡೆದೆ. ಒಂದು ಕಡೆ ನಿಂತು, “ಇಲ್ಲೇ,” ಎಂದೆ. ಯಾರೂ ಎರಡನೇ ಸಲ ಕೇಳಲಿಲ್ಲ, ಅಗೆಯತೊಡಗಿದರು.