ದ್ರಾಕ್ಷಾರಸದ ಗಸಿ

ಹಬೂಬಾ ನನ್ನ ಹೀಬ್ರೂ ತರಗತಿಗೆ ಸೇರಿದಾಗ ಅವಳಿಗೆ ಅರವತ್ತು ದಾಟಿತ್ತು. ಹುಟ್ಟೂರು ಜಾಖೋ ಬಿಟ್ಟು ಜೆರುಸಲೇಮಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅರಮಾಯ ಭಾಷೆ ಆಡುತ್ತಿದ್ದಳು; ಹೀಬ್ರೂ ಅವಳಿಗೆ ದೇವರ ಮುಂದಿನ ಮಾತು, ಅಂಗಡಿಯದಲ್ಲ. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ತೆವಳುವಾಗ ಹಿಂದಿನ ಬೆಂಚಿನಲ್ಲಿ ಅರೆಗಣ್ಣು ಮುಚ್ಚಿ ಕೂರುತ್ತಿದ್ದಳು.

ಯೆಹೂದ್ಯರ ಪೆಸಹ ಹಬ್ಬ ಹತ್ತಿರವಿತ್ತು. ಹಲಗೆಯ ಮೇಲೆ ‘ಹಮೇಟ್ಸ್’ ಎಂದು ಬರೆದೆ. “ಇದರ ಬೇರು ಹುಳಿ ಅಂತ. ಹಬ್ಬದಲ್ಲಿ ಹುಳಿಹಿಟ್ಟು ಮನೆಯಲ್ಲಿ ಇರಬಾರದು.”

“ನಾವು ಖ್ಮೀರಾ ಅಂತೀವಿ,” ಹಬೂಬಾ ಅಂದಳು. “ಹಬ್ಬಕ್ಕೆ ಮುಂಚೆ ನಮ್ಮದನ್ನ ಸುಡ್ತಿದ್ವಿ. ಹಬ್ಬ ಮುಗಿದ ಮಾರನೇ ದಿನ ಪಕ್ಕದ್ಮನೆ ಆಮಿನಾ ತನ್ನದ್ರಲ್ಲೇ ಒಂದು ಉಂಡೆ ತಂದುಕೊಡ್ತಿದ್ಲು. ಇಲ್ಲಿ ಪಕ್ಕದೋರೂ ನಮ್ಮೋರೇ, ಎಲ್ರೂ ಸುಡ್ತಾರೆ. ಯಾರನ್ನ ಕೇಳ್ಲಿ?”

“ಅಂಗಡೀಲಿ ಯೀಸ್ಟ್ ಪೊಟ್ಟಣ ಸಿಗುತ್ತಲ್ಲಕ್ಕಾ,” ಎಂದ ಮುಂದಿನ ಬೆಂಚಿನ ಕ್ಷೌರಿಕ ಮುರಾದ್.

“ಆ ಪೊಟ್ಟಣ ತಿಂದೇ ನಿನ್ನ ತಲೆ ಬೋಳಾಗಿರೋದು!”

ನಗು ಅಡಗಿದ ಮೇಲೆ, ಪೊಟ್ಟಣದ ಮೇಲಿರುವ ಪದವನ್ನೂ ಬರೆದೆ: ಶ್ಮಾರಿಮ್. “ಕಾಪಾಡು ಅನ್ನೋ ಮಾತಿನ ಬೇರಿನದೇ ಇದು. ಹಿಂದೆ ಹಿಟ್ಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ದ್ರಾಕ್ಷಾರಸದ ತಳದಲ್ಲಿ ನಿಲ್ಲುತ್ತಲ್ಲ ಗಸಿ, ಅದರ ಹೆಸರು.”

ಹಬೂಬಾಳ ಕಣ್ಣು ಪೂರ್ತಿ ತೆರೆಯಿತು. “ಗಸಿ ಹಿಟ್ಟಲ್ವಲ್ಲ ಮಗಳೇ? ಹಬ್ಬದಲ್ಲೂ ಇಟ್ಕೋಬಹುದಾ?”

“ಇಟ್ಕೋಬಹುದಮ್ಮ.”

ಜಾಖೋದಿಂದ ಒಣಗಿಸಿ ರವಿಕೆಯೊಳಗೆ ಹೊಲಿದು ತಂದಿದ್ದ ಆಮಿನಾಳ ಹುಳಿಹಿಟ್ಟನ್ನು ಹಬ್ಬದ ಹಿಂದಿನ ಬೆಳಿಗ್ಗೆ ಹಬೂಬಾ ಸುಟ್ಟಳು. ಹಬ್ಬದ ಆ ಏಳು ದಿನವೂ ಅವಳಿಗೆ ಒಂದೇ ಕನಸಂತೆ. ಹೊಳೆಯ ಸೇತುವೆಯ ಮೇಲೆ ಆಮಿನಾ ಬಟ್ಟಲು ಹಿಡಿದು ಬರುತ್ತಾಳೆ. ಅವಳು ನಡೆದಷ್ಟೂ ಸೇತುವೆ ಬೆಳೆಯುತ್ತದೆ. ಬಟ್ಟಲಿನ ಹಿಟ್ಟು ಉಕ್ಕಿ ನೀರಿಗೆ ಇಳಿದು ಬೆಳ್ಳಗಿನ ಮೋಡಗಳಾಗಿ ತೇಲಿಹೋಗುತ್ತದೆ. ಆಮಿನಾ ನಗುತ್ತಲೇ ಇರುತ್ತಾಳೆ, ತಲುಪುವುದಿಲ್ಲ.

ಹಬ್ಬ ಮುಗಿದ ಬೆಳಿಗ್ಗೆ ಮನೆಯಲ್ಲೇ ಮಾಡಿದ್ದ ಒಣದ್ರಾಕ್ಷಿ ರಸದ ಜಾಡಿಯನ್ನು ಬಗ್ಗಿಸಿ, ಗಸಿಯನ್ನು ಹಿಟ್ಟಿಗೆ ಕಲಸಿದಳು. ಮೊದಲ ದಿನ ಏನೂ ಆಗಲಿಲ್ಲ. “ಹೆಂಡದ ಮುದ್ದೆ,” ಎಂದು ಗಂಡ ಆಡಿಕೊಂಡ. ಎರಡನೆಯ ದಿನ ಗುಳ್ಳೆ ಕಂಡವು. ಮೂರನೆಯ ದಿನ ಹಿಟ್ಟು ಬಟ್ಟೆಯನ್ನೇ ಎತ್ತಿಕೊಂಡು ಮೇಲೆದ್ದಿತು. ನನಗೆ ಹೇಳಿಕಳಿಸಿದಳು.

ನಾನು ಹೋದಾಗ ಅಂಗಳದ ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. ಹೊಗೆಯಲ್ಲಿ ದ್ರಾಕ್ಷಿಯ ವಾಸನೆ ತೇಲುತ್ತಿತ್ತು. ಮೊದಲ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಲಿಲ್ಲ.

“ಆಮಿನಾದು ಅಲ್ಲ ಇದು. ಹುಳಿ ಕಮ್ಮಿ.”

“ಚೆನ್ನಾಗಿಲ್ವಾ?”

“ಚೆನ್ನಾಗಿಲ್ಲ ಅಂದ್ನಾ ನಾನು? ತಿನ್ನು, ಬಿಸಿ ಆರುತ್ತೆ.”

ಅಂಜೂರದ ನೆರಳಲ್ಲಿ ನಾವಿಬ್ಬರೇ ನಾಲ್ಕು ರೊಟ್ಟಿ ಮುಗಿಸಿದೆವು. ಹಾಗೇ ಗೋಡೆಗೊರಗಿ ತೂಕಡಿಸಿದೆವು. ಮುರಾದ್ ಬಂದು ಬಾಗಿಲು ತಟ್ಟಿ, “ಪಾಠ ಇದೆಯೋ ಇಲ್ವೋ?” ಎಂದು ಕೂಗಿದಾಗಲೇ ನನಗೆ ಎಚ್ಚರವಾದದ್ದು.