ಶಾಕಿರ್ ಆಗಾನ ಕಣ್ಣುಗಳು

ಚಿತ್ರಕಾರ ಜೆನೋಪ್ ಊಟಕ್ಕೆ ಕೂತಿದ್ದಾಗ ಅರಮನೆಯ ಕಾವಲುಭಟರಿಬ್ಬರು ಬಾಗಿಲಿಗೆ ಬಂದರು. ಅವರ ಮುಖ್ಯಸ್ಥ ಶಾಕಿರ್ ಆಗಾ ಕರೆಸಿದ್ದ. ಸುಲ್ತಾನರು ಯಾರ ತಲೆ ಕೇಳಿದರೂ ತೆಗೆಸುವವನು ಅವನೇ.

“ಯಾಕಂತೆ?” ಎಂದಳು ಹೆಂಡತಿ ತಕುಹಿ, ಸೌಟು ಹಿಡಿದೇ.

“ನೀವು ಉಂಡ್ಬಿಡಿ ಅಮ್ಮ, ಇವ್ನಿಗೆ ಎತ್ತಿಡೋದು ಬೇಡ,” ಎಂದು ಒಬ್ಬ ಭಟ ನಕ್ಕ.

ಜೆನೋಪ್‌ಗೆ ಕಾರಣ ಹೊಳೆಯಿತು. ಪರದೇಶದ ರಾಯಭಾರಿಯೊಬ್ಬನಿಗೆ ಅವನು ಆಸ್ಥಾನದ ಅಧಿಕಾರಿಗಳ ಚಿತ್ರಗಳನ್ನು ನೀರುಬಣ್ಣದಲ್ಲಿ ಬರೆದುಕೊಟ್ಟಿದ್ದ. ಪೇಟ, ನಿಲುವಂಗಿಗಳಿಗೆ ಅಪ್ಪ ಕಲಿಸಿದ ಹಳೆಯ ಪದ್ಧತಿ, ಚಿನ್ನದ ಗೆರೆ. ಮುಖಗಳಿಗೆ ಮಾತ್ರ ಫರಂಗಿಯವರ ನೆರಳು-ಬೆಳಕು. ಆಗಾನನ್ನು ಮೆರವಣಿಗೆಯಲ್ಲಿ ಕಂಡು ನೆನಪಿನಿಂದಲೇ ಬರೆದಿದ್ದ.

ಬಣ್ಣದ ಪೆಟ್ಟಿಗೆ ತರಬೇಕೆಂದು ಭಟರು ಹೇಳಿದ್ದರು. ಕೊಲ್ಲುವವರಿಗೆ ಬಣ್ಣ ಯಾಕೆ ಎಂದುಕೊಂಡ, ಅರಮನೆಗೆ ಒಯ್ಯುವ ದೋಣಿಯಲ್ಲಿ. ಸಾಕ್ಷಿಗಿರಬಹುದು ಎನ್ನಿಸಿತು.

ಆಗಾನ ಕೋಣೆಗೆ ತಂದು ನಿಲ್ಲಿಸಿದಾಗ ಅವನ ಮಂಡಿಯ ಮೇಲೆ ಅದೇ ಚಿತ್ರವಿತ್ತು.

“ನನ್ನ ಮುಖಕ್ಕೆ ಮಸಿ ಬಳಿದಿದೀಯಲ್ಲೋ.”

“ಮಸಿಯಲ್ಲ ದೊರೆ, ನೆರಳು. ಬೆಳಕು ಆ ಕಡೆಯಿಂದ ಬಂದ್ರೆ...”

“ನೆರಳು ಹಾಳಾಗ್ಲಿ. ಕಣ್ಣು ನೋಡು. ಏನು ಕಾಣ್ತದೆ?”

ಜೆನೋಪ್ ನೋಡಿದ. ಬರೆಯುವಾಗ ಅವನಿಗೇ ತಿಳಿದಿರಲಿಲ್ಲ. ಜರಿಯ ನಿಲುವಂಗಿಯೊಳಗಿಂದ ಹೆದರಿದ ಮನುಷ್ಯನೊಬ್ಬ ನೋಡುತ್ತಿದ್ದ.

“ಏನೂ ಇಲ್ಲ ದೊರೆ.”

“ಸುಳ್ಳು ಬೊಗಳಬೇಡ.” ಆಗಾ ತಾನೇ ಎದ್ದು ಬಾಗಿಲು ಮುಚ್ಚಿದ. ದನಿ ಇಳಿಯಿತು. “ರಾಯಭಾರಿಯ ದುಭಾಷಿ ಇದನ್ನ ವಜೀರರಿಗೆ ತೋರಿಸಿದಾನೆ. ಅವರು ನಕ್ಕು ನನಗೆ ಕಳಿಸಿದಾರೆ. ಹೆದರಿದವನು ಏನೋ ಮುಚ್ಚಿಟ್ಟಿರ್ತಾನೆ ಅಂತ ಅವರ ಅನುಮಾನ. ನಾನೇನೂ ಮಾಡಿಲ್ಲ ಕಣೋ. ಏನೂ ಮಾಡದವರ ತಲೇನೂ ತೆಗೆಸಿದೀನಿ ನಾನು, ಅದಕ್ಕೇ...” ಚಿತ್ರವನ್ನು ಜೆನೋಪ್‌ನ ಮುಂದಿಟ್ಟ. “ತಿದ್ದು. ಸುಲ್ತಾನರು ನೋಡೋ ಮೊದಲು, ಸಂಜೆಯೊಳಗೆ ವಜೀರರಿಗೆ ವಾಪಸ್ ಕೊಡಬೇಕು.”

ಇಬ್ಬರೂ ಒಂದೇ ಕೋಣೆಯಲ್ಲಿ ಬೆವರಿದರು. ಜೆನೋಪ್ ಒದ್ದೆ ಕುಂಚದಿಂದ ಕಣ್ಣಿನ ಬಣ್ಣವನ್ನು ಸ್ವಲ್ಪಸ್ವಲ್ಪವೇ ಎತ್ತಿದ. ಕಾಗದ ಹರಿದರೆ ತನ್ನ ಕಥೆ ಮುಗಿಯಿತು. ಆ ಜಾಗದಲ್ಲಿ ಹಳೆಯ ಪದ್ಧತಿಯ, ಬಾದಾಮಿಯಂಥ ಕಣ್ಣುಗಳನ್ನು ಬರೆದ. ಯಾವ ಮನುಷ್ಯನವೂ ಅಲ್ಲದ ಕಣ್ಣುಗಳು.

ಆಗಾ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. “ಇವನು ಬದುಕ್ತಾನೆ,” ಎಂದ. “ಹೋಗು. ಯಾರ ಹತ್ರಾನೂ ಬಾಯಿ ಬಿಡಬೇಡ.”

ಮನೆ ತಲುಪಿದಾಗ ತಕುಹಿ ಅವನ ಕತ್ತು ಮುಟ್ಟಿ ಮುಟ್ಟಿ ನೋಡಿ ಅತ್ತಳು. ತಿಂಗಳು ಕಳೆಯುವ ಮೊದಲೇ ಆಗಾನನ್ನು ಕೆಲಸದಿಂದ ತೆಗೆದು ಲಿಮ್ನಿ ದ್ವೀಪಕ್ಕೆ ಗಡಿಪಾರು ಮಾಡಿದರೆಂದು ಸುದ್ದಿ ಬಂತು. ತಲೆ ಉಳಿಯಿತಲ್ಲ, ಪುಣ್ಯವಂತ ಎಂದರು ಪೇಟೆಯವರು. ಜೆನೋಪ್ ಹಾಳೆಯ ಮೇಲೆ ಬಾದಾಮಿ ಕಣ್ಣುಗಳನ್ನು ಬರೆದು ಕೈ ಪಳಗಿಸುತ್ತಿದ್ದ. ವಜೀರರು ತಮ್ಮ ಚಿತ್ರ ಬರೆಸಲು ಅವನಿಗೆ ಹೇಳಿಕಳಿಸಿದ್ದರು.