ತುಳಸಿ ಇಲ್ಲದ ಬೃಂದಾವನ

ಎಡಗೈಯಿಂದ ಹಂಡೆ ತಿಕ್ಕುವುದು ಎಷ್ಟು ಕಷ್ಟ ಎಂಬುದು ಆವತ್ತು ನನಗೆ ತಿಳಿಯಿತು. ಬೂದಿ ಒಂದು ಕಡೆ ಹೋಗುತ್ತದೆ, ಹುಣಸೆಹಣ್ಣು ಇನ್ನೊಂದು ಕಡೆ ಹೋಗುತ್ತದೆ, ಹಂಡೆ ಕಲ್ಲಿನ ಮೇಲೆ ಗರಗರ ತಿರುಗುತ್ತದೆ. ಬಲಗೈಗೆ ಹುಳಿನೀರು ಸಿಡಿಯಬಾರದೆಂದು ಅದನ್ನು ಸೆರಗಿನಲ್ಲಿ ಸುತ್ತಿ ತಲೆಗಿಂತ ಎತ್ತರಕ್ಕೆ ಹಿಡಿದಿದ್ದೆ. ಕಸಬಾ ಪೇಟೆಯ ನಮ್ಮ ವಾಡೆಯಲ್ಲಿ ಏಳು ಬಿಡಾರಕ್ಕೆ ಅಂಗಳದಲ್ಲಿ ಒಂದೇ ನಳ. ಅದರ ಹತ್ತಿರ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ.

"ಯಾಕವಾ, ಯಾರ ಮ್ಯಾಲೆ ಆಣಿ ಮಾಡ್ಲಿಕ್ಕತ್ತೀ?" ಎಂದರು ಎದುರು ಬಿಡಾರದ ರಂಗೂಬಾಯಿ. ಅವರೂ ನಮ್ಮ ಧಾರವಾಡದ ಕಡೆಯವರೇ. ಪುಣೆಗೆ ಬಂದು ಮೂವತ್ತು ವರ್ಷವಾಗಿದ್ದರೂ ನಾಲಿಗೆ ಊರಿನದೇ.

"ಏನಿಲ್ರಿ ಮಾವಶಿ, ಕೈ ಸ್ವಲ್ಪ ಉಳಕೇದ."

"ಉಳಕಿದ ಕೈ ಹಿಂಗ ಬಾವುಟಾ ಏರಿಸಿದ್ಹಂಗ ಮ್ಯಾಲೆ ಹೋಗ್ತದೇನ? ತೋರ್ಸು."

ತೋರಿಸಿದೆ. ಮಣಿಕಟ್ಟಿನ ಒಳಮಗ್ಗುಲಿಗೆ ಹೊಸ ಹಚ್ಚೆ. ಮೂರು ಮೆಟ್ಟಿಲಿನ ಬೃಂದಾವನ, ಅದರ ಮೇಲೆ ಐದು ಎಲೆಯ ತುಳಸಿ. ಹಿಂದಿನ ದಿನ ಮಧ್ಯಾಹ್ನ "ಗೋಂದಣ ಘ್ಯಾ, ಗೋಂದಣ!" ಎಂದು ಕೂಗುತ್ತ ಬಂದ ಹಚ್ಚೆಯವಳನ್ನು ಒಳಗೆ ಕರೆದು ಚುಚ್ಚಿಸಿಕೊಂಡಿದ್ದೆ. ಸುತ್ತಲೂ ಕೆಂಪಗೆ ಊದಿತ್ತು.

"ಅಯ್ಯ ನನ್ನವ್ವ! ನಿನ್ನ ಗಂಡಗ ಗೊತ್ತದೇನ?"

"ಇಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಮಾಯೂತನಕಾ ಅವರಿಗೆ ಹೇಳಬ್ಯಾಡ್ರಿ."

ಹಿಂದಿನ ಸಂಗತಿ ಇಷ್ಟು. ಮೂರು ವರ್ಷದ ಕೆಳಗೆ ಅತ್ತೆಯವರು ಧಾರವಾಡದಿಂದ ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಅವರು ತಂಬಿಗೆ ನೋಡಲಿಲ್ಲ, ಕೈ ನೋಡಿದರು. ಮದುವೆಯ ಗಡಿಬಿಡಿಯಲ್ಲಿ ಬಳೆಗಳ ನಡುವೆ ಕೈಮೇಲೆ ಹಚ್ಚೆ ಇಲ್ಲದ್ದನ್ನು ಅವರು ಗಮನಿಸಿರಲಿಲ್ಲ. ತಾಯಿ ಇಲ್ಲದೆ ಬೆಳೆದವಳು ನಾನು. ನನಗೆ ಹಚ್ಚೆ ಹಾಕಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

"ಹಚ್ಚಿ ಇಲ್ಲದ ಬರೇ ಕೈಲೆ ಕೊಟ್ಟ ನೀರು ನಾ ಕುಡಿಯೂದಿಲ್ಲ" ಎಂದರು ಅತ್ತೆ. ಆಗಿನ ಹಿರಿಯರಲ್ಲಿ ಇದು ಇದ್ದದ್ದೇ.

"ನನ್ನ ಹೆಂಡತಿ ಕೈ ಏನ್ ಗುಡಿ ಗ್ವಾಡಿ ಅಲ್ಲ, ಬಂದವರೆಲ್ಲಾ ಚಿತ್ರಾ ತಗೀಲಿಕ್ಕೆ" ಎಂದರು ಮಗ.

ಅತ್ತೆಯವರು ನಾಲ್ಕು ದಿನ ತಾವೇ ನಳಕ್ಕೆ ಹೋಗಿ ನೀರು ಹಿಡಿದು ಕುಡಿದರು. ಐದನೆಯ ದಿನ ರೈಲು ಹತ್ತಿದರು. ತಾಯಿ ಮಗನ ಮಾತು ಅಲ್ಲಿಗೆ ನಿಂತಿತು.

ಇವರು ಒಂದು ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಸಿಟ್ಟು ಇಳಿದ ಮೇಲೆ ತಾಯಿಗೆ ಒಂದು ಕಾಗದ ಬರೆದರು, ಆದರೆ ಕಳಿಸಲಿಲ್ಲ. ರವಿವಾರ ಬಂತೆಂದರೆ ಟ್ರಂಕಿನಿಂದ ಅದನ್ನು ತೆಗೆದು, ಒಂದು ಮಾತು ಹೊಡೆದು ಇನ್ನೊಂದು ಬರೆಯುವರು. ಜಾಗ ಸಾಲದಾದರೆ ಹೊಸ ಹಾಳೆಗೆ ಇಳಿಸುವರು. "ಇನ್ನೂ ಸರಿ ಆಗಿಲ್ಲ" ಎಂದು ಮತ್ತೆ ಟ್ರಂಕಿಗೆ ಹಾಕುವರು. ಒಳಗಿದ್ದ ಸುದ್ದಿ ಒಂದೇ, ಅವ್ವಾ ಬಾ ಅಂತ. ಬಂದ ಮೇಲೆ ನೀರು ಯಾರ ಕೈಯಿಂದ ಕುಡಿಯಬೇಕು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರ ಇರಲಿಲ್ಲ. ನೂರೈವತ್ತು ರವಿವಾರ ಕಾದು ನೋಡಿದೆ. ಆಮೇಲೆ ಆ ಉತ್ತರವನ್ನು ನಾನೇ ಕೈಮೇಲೆ ಹಾಕಿಸಿಕೊಂಡೆ. ಮಾಯ್ದ ಮೇಲೆ ತೋರಿಸಿದರೆ ಕೂಗಾಡಬಹುದು, ಅಳಿಸುವ ಹಾಗಂತೂ ಇಲ್ಲವಲ್ಲ!

ರಂಗೂಬಾಯಿ ಗುಟ್ಟು ಕಾಪಾಡಿದರು. ಅಂದರೆ ಇವರೊಬ್ಬರನ್ನು ಬಿಟ್ಟು ವಾಡೆಗೆಲ್ಲ ಹೇಳಿದರು.

ಇವರು ಕೆಲಸಕ್ಕೆ ಹೊರಟ ಕೂಡಲೆ ಔಷಧ ಶುರುವಾಗುತ್ತಿತ್ತು. ರಂಗೂಬಾಯಿ ಹರಳೆಣ್ಣೆಯಲ್ಲಿ ಅರಿಷಿಣ ಕಲಸಿ ಮೆತ್ತಿ ಹೋಗುವರು. ಅದು ಒಣಗುವುದರೊಳಗೆ ಮಾಳಿಗೆಯ ಸುಲಭಾ ಇಳಿದು ಬರುವಳು. ಬೆಳಗಾವಿಯ ಹುಡುಗಿ, ಅವಳ ಅಣ್ಣ ದವಾಖಾನೆಯಲ್ಲಿ ಕಂಪೌಂಡರ. ಅವಳು ಅರಿಷಿಣವನ್ನೆಲ್ಲ ಕಾರ್ಬಾಲಿಕ್ ಸಾಬೂನಿನಿಂದ ತಿಕ್ಕಿ ತೊಳೆಯುವಳು. ಊಟವಾದ ಮೇಲೆ ರಂಗೂಬಾಯಿ ಬಂದು ಮತ್ತೆ ಮೆತ್ತುವರು. ಮೂರನೆಯ ದಿನ ಇಬ್ಬರೂ ಒಂದೇ ಹೊತ್ತಿಗೆ ಬಂದರು.

"ಆ ಸಾಬೂನು ನೆಲಾ ತೊಳೀಲಿಕ್ಕೆ ಇರೂದವಾ!"

"ಅಹೋ ಮಾವಶಿ, ಹರಳೆಣ್ಣಿ ಗಾಡಿ ಗಾಲಿಗೆ ಇರೂದು!"

ನನ್ನ ಕೈ ಇಬ್ಬರ ನಡುವೆ ಹಗ್ಗದ ಹಾಗೆ ಆಚೆ ಈಚೆ ಹೋಯಿತು. ಸಂಜೆಗೆ ಅದು ಗೆಣಸಿನ ಹಾಗೆ ಊದಿ ಬಳೆಗಳು ಬಿಗಿದುಕೊಂಡವು. ಬಿಸಿಲುಗಾಲದಲ್ಲಿ ಶಾಲು ಹೊದ್ದು ಇವರಿಗೆ ಬಡಿಸಿದೆ. "ಚಳಿ ಅದ" ಎಂದೆ. ಇವರು ಬೀಸಣಿಗೆ ಬೀಸಿಕೊಳ್ಳುತ್ತ ನನ್ನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಸಿಕ್ಕಿಬಿದ್ದೆ. ಹಾಸಿಗೆ ಸುತ್ತುತ್ತಿದ್ದ ಇವರು ದಿಂಬಿನ ಗವಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಸಿ ಗಾಯದಿಂದ ಒಸರಿದ ನೀಲಿ ನೀರು ಬಟ್ಟೆಗೆ ಹತ್ತಿ ಚಿತ್ರ ಮೂಡಿತ್ತು.

"ಇದೇನಿದು, ಛಾಪಾ ಬಿದ್ದದ? ಮೂರು ಮೆಟ್ಟಲಾ, ಮ್ಯಾಲೊಂದು ಗಿಡಾ. ಉಲ್ಟಾ ಬಿದ್ದದ. ಒತ್ತಿದ ಬ್ಲಾಕ್ ಎಲ್ಲದ?"

ಹತ್ತು ವರ್ಷ ಉಲ್ಟಾ ಅಕ್ಷರ ಓದಿದ ಕಣ್ಣಿಗೆ ಏನು ಹೇಳಿ ಏನು ಉಪಯೋಗ? ಕೈ ಮುಂದೆ ಮಾಡಿದೆ.

"ಅವ್ವನ ಹಟಾ ಗೆಲ್ಲಿಸಿಬಿಟ್ಟಿ!" ಎಂದು ಕೂಗಿದರು.

"ನಿಮ್ಮ ಹಟಾನೂ ಸೋಲಲಿಲ್ಲಲ್ರಿ. ನೀವೇನ್ ಹಾಕಿಸೀರಿ? ನಾ ಹಾಕಿಸ್ಕೊಂಡೀನಿ."

ಇನ್ನೂ ಏನೋ ಅನ್ನುವವರಿದ್ದರು. ಅಷ್ಟರಲ್ಲಿ ಊದಿದ ಕೈ ಸರಿಯಾಗಿ ಕಣ್ಣಿಗೆ ಬಿತ್ತು. ಸಿಟ್ಟು ಎಲ್ಲಿ ಹೋಯಿತೋ, ಮುಖ ಸಣ್ಣದಾಯಿತು. ಆವತ್ತು ಛಾಪಖಾನೆಗೆ ಹೋಗಲಿಲ್ಲ. ನೀರು ಕುದಿಸಿ ಆರಿಸಿ, ಅರಿಷಿಣ, ಎಣ್ಣೆ ಎಲ್ಲವನ್ನೂ ಮೆಲ್ಲಗೆ ತೊಳೆದರು. ಒಗೆದ ಮೆತ್ತನೆಯ ಧೋತರದ ತುಂಡಿನಿಂದ ಒರೆಸದೆ, ಬರೀ ಒತ್ತಿ ಆರಿಸಿದರು. ಕೊಬ್ಬರಿ ಎಣ್ಣೆ ಹಚ್ಚಿದರೋ ಇಲ್ಲವೋ ಎನ್ನುವಷ್ಟು ಹಚ್ಚಿದರು. ಆಮೇಲೆ ಬಾಗಿಲಲ್ಲಿ ನಿಂತು ಅಂಗಳಕ್ಕೆಲ್ಲ ಕೇಳುವ ಹಾಗೆ, "ಇನ್ನ ಮುಂದ ಈ ಕೈಗೆ ಯಾರೂ ಕೈ ಹಚ್ಚಬಾರ್ದು!" ಎಂದರು.

ಭಾಂಡೆ ತಿಕ್ಕುವುದೂ ಅವರ ಪಾಲಿಗೆ ಬಂತು. ಗಂಡಸು ನಳದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದನ್ನು ನೋಡಲು ಏಳು ಬಿಡಾರದ ಬಾಗಿಲೂ ತೆರೆದವು.

"ಪ್ರಲ್ಹಾದರಾಯ, ಹಂಡೇದ ಬುಡಕ ಮಸಿ ಹಂಗs ಅದ ನೋಡಪ್ಪಾ" ಎಂದರು ರಂಗೂಬಾಯಿ. "ಛಾಪಖಾನಿ ಮಂದಿಗೆ ಮಸಿ ಕಾಣೂದಿಲ್ಲೇನ?"

"ನೀವು ಹಚ್ಚಿದ ಅರಿಷಿಣಾ ತಗದು ತಗದು ಕಣ್ಣು ಹಳದಿ ಆಗ್ಯಾವ್ರಿ ಮಾವಶಿ."

ಊತ ಇಳಿಯಿತು. ಮೇಲೆ ತೆಳ್ಳಗೆ ಹಕ್ಕಳೆ ಕಟ್ಟಿತು. ಆಗ ಶುರುವಾಯಿತು ನೋಡಿ ತುರಿಕೆ! ಸಾರಿಗೆ ಒಗ್ಗರಣೆ ಹಾಕುವಾಗ ತುರಿಕೆ, ದೇವರಿಗೆ ಕೈ ಮುಗಿದಾಗ ತುರಿಕೆ. "ಉಗುರು ಹಚ್ಚಬ್ಯಾಡ, ಅಂಗೈಲೆ ತಟ್ಟು. ಹಕ್ಕಳಿ ತಾನs ಬೀಳಬೇಕು" ಎಂದು ಇವರು ಕಾವಲು ಕೂತರು. ಹಲ್ಲು ಕಚ್ಚಿ ತಡೆದುಕೊಂಡೆ. ಒಂದು ಸಲವೂ ಉಗುರು ತಾಗಿಸಲಿಲ್ಲ.

ತಡೆಯಲಾರದೆ ಹೋದವರು ಇವರು. ಹದಿಮೂರನೆಯ ದಿನ ರವಿವಾರ. ಹಕ್ಕಳೆಯ ಮೇಲಂಚು ತುಸು ಎದ್ದಿತ್ತು. ಒತ್ತಿದ ಹಾಳೆ ಎತ್ತಿ ಅಚ್ಚು ಹೇಗೆ ಬಂದಿದೆ ಎಂದು ನೋಡುವುದೇ ದಿನದ ಕೆಲಸ ಆದವರ ಬೆರಳು ಕೇಳಲಿಲ್ಲ.

"ಬರೇ ಒಂದು ಮೂಲಿ ಎತ್ತಿ ನೋಡ್ತೀನಿ" ಎಂದರು, ನಾನು ಬೇಡ ಎನ್ನುವುದರೊಳಗೆ ಎತ್ತಿದರು. ಚುರ್ ಎಂದಿತು. ಹಕ್ಕಳೆಯ ಜೊತೆಗೆ ಐದು ಎಲೆಯೂ ಕಿತ್ತು ಬಂದು ಅಲ್ಲಿ ಎಳೆಗೆಂಪು ಚರ್ಮ ಉಳಿಯಿತು. ಮೂರು ಮೆಟ್ಟಿಲು ಮಾತ್ರ ಗಟ್ಟಿಯಾಗಿ ಕೂತಿದ್ದವು.

ಬೆರಳ ತುದಿಯ ಹಕ್ಕಳೆಯನ್ನು ಮತ್ತೆ ಅದೇ ಜಾಗಕ್ಕೆ ಕೂಡಿಸಿ ನೋಡಿದರು, ಕೂಡಲಿಲ್ಲ. ಆಮೇಲೆ ಮೆಲ್ಲಗೆ, "ಮುಂದಿನ ತಿಂಗಳಾ ಮತ್ತ ಆಕಿನ್ನ ಕರದು ತುಳಸಿ ಚುಚ್ಚಸೂಣು. ಪೂರಾ ಸರಿ ಆಗಲಿ, ಆಮ್ಯಾಲೆ ಅವ್ವಗ ಕಾಗದಾ ಕಳಸೂಣು" ಎಂದರು.

"ಗುಡಿ ಗ್ವಾಡಿ ಅಲ್ಲ ಅಂದಿದ್ರಿ?"

ಇವರು ಬೀಸಣಿಗೆ ಹುಡುಕತೊಡಗಿದರು.

ಟ್ರಂಕು ತೆರೆದು ಕಾಗದ ತಂದು ಅವರ ಮುಂದಿಟ್ಟೆ. ಮಸಿಯ ದೌತಿ ಇಟ್ಟೆ. "ನಾ ಹೇಳಿದ್ದು ಕೆಳಗ ಬರೀರಿ. ಅತ್ಯಾ, ಬೃಂದಾವನ ಕಟ್ಟೇವಿ. ತುಳಸಿ ನಿಮ್ಮ ಮಗ ಕಿತ್ತಾರ. ಹಿಂಗಿದ್ದ ಕೈಲೆ ಕೊಟ್ಟ ನೀರು ನಡೀತದೋ ಇಲ್ಲೋ, ನೀವs ಬಂದು ನೋಡಿ ಹೇಳ್ರಿ."

"ಕಿತ್ತಾರ ಅನ್ನೂದು ಚಂದ ಕಾಣೂದಿಲ್ಲ. 'ಹೋಯಿತು' ಅಂತ..."

"ತಿದ್ದಬ್ಯಾಡ್ರಿ."

ಬರೆದರು. ಲಕೋಟೆ ನಾನೇ ಅಂಟಿಸಿದೆ. ಚೌಕದ ಕೆಂಪು ಅಂಚೆಪೆಟ್ಟಿಗೆಯ ತನಕ ಇಬ್ಬರೂ ನಡೆದೆವು. ಪೆಟ್ಟಿಗೆಯ ಮುಂದೆ ಇವರು ಲಕೋಟೆ ಹಿಡಿದುಕೊಂಡೇ ನಿಂತರು. "ಮೊದಲನೇ ಸಾಲಿನಾಗ ಒಂದು ಮಾತು..." ಎಂದು ರಾಗ ತೆಗೆದರು.

ಕಸಿದುಕೊಂಡು ಒಳಗೆ ಹಾಕಿದೆ. ಕೆಳಗೆ ಬಿತ್ತೋ ಇಲ್ಲವೋ ಎಂದು ಬೆರಳು ಆಡಿಸುವಾಗ ಪೆಟ್ಟಿಗೆಯ ಬಾಯಿಯ ಅಂಚು ಹೊಸ ಚರ್ಮವನ್ನು ತರಚಿ ಚುರುಗುಟ್ಟಿತು. ಕೈ ಹೊರಗೆ ತೆಗೆದೆ. ಕೈ ಖಾಲಿ ಇತ್ತು, ಕಾಗದ ಒಳಗೇ ಬಿದ್ದಿತ್ತು.